ಮೂವತ್ತೊಂದನೇ ಬಿಲ್ಲು

ಮೂವತ್ತಾರು ವರ್ಷ ಕಾರವಾರದ ತಕ್ಕಡಿಗಳಿಗೆ
ಮುದ್ರೆ ಒತ್ತಿದವನು ನಾನು.
ಬೈತಖೋಲದ ಮೀನುತಕ್ಕಡಿ, ಸುಂಕೇರಿಯ ಅಕ್ಕಿ ಸೇರು,
ಅಕ್ಕಸಾಲಿಯ ಗಾಜುಪೆಟ್ಟಿಗೆ,
ಸುಳ್ಳು ಎಲ್ಲಿ ಕೂತಿರುತ್ತದೆಂದು ಬೆರಳಿಗೆ ಗೊತ್ತು.
ನಿವೃತ್ತಿಯ ದಿನ ಶಾಲು ಹೊದಿಸಿದರು.
ನಾನು ಕೇಳಿ ತಂದದ್ದು
ಜಪ್ತಿಯಾದ ಒಂದು ಸ್ಪ್ರಿಂಗ್ ತಕ್ಕಡಿ.

ಈಗ ಅದರ ಕೊಕ್ಕೆಗೆ ಇಸ್ವಾಣವಲ್ಲ, ಬಿಲ್ಲಿನ ಹೆದೆ.
ಗಲ್ಲದ ತನಕ ಎಳೆಯುತ್ತೇನೆ; ಮುಳ್ಳು ನಡುಗಿ ನಿಲ್ಲುತ್ತದೆ.
ಹದಿನಾಲ್ಕು ಕಿಲೋ. ಹತ್ತೊಂಬತ್ತೂವರೆ.
ಬರೆದು, ಹೆದೆ ಬಿಚ್ಚಿ, ಗೋಡೆಗೆ ಮಲಗಿಸುತ್ತೇನೆ.
ಏರಿಸಿಯೇ ಇಟ್ಟ ಬಿಲ್ಲು
ಬಾಗಿದ್ದನ್ನೇ ತನ್ನ ಹುಟ್ಟು ಅಂದುಕೊಳ್ಳುತ್ತದೆ.

ಕಾಜುಬಾಗಿನ ಈ ಹಿಂದಿನ ಕೋಣೆಯಲ್ಲಿ
ಉಕ್ಕಿನ ಕೊಳವೆಯ ವಿಲಾಯತಿ ಬಿಲ್ಲೊಂದಿದೆ,
ಹಡಗಿನ ಇಂಜಿನಿಯರನೊಬ್ಬ ಬಾಡಿಗೆ ಬಾಕಿಗೆ ಬಿಟ್ಟುಹೋದದ್ದು.
ಹೊರಗೆ ಹಸಿರು ಬಣ್ಣ ಇನ್ನೂ ಮಿರಮಿರ;
ಕಿವಿಗಿಟ್ಟು ಅಲುಗಿಸಿದರೆ ಒಳಗೆ ತುಕ್ಕು ಜರ್ರೆನ್ನುತ್ತದೆ.
ಅದನ್ನು ಎಳೆಯುವುದಿಲ್ಲ.
ಬಿಲ್ಲುಗಾರನ ಚಿತ್ರದ ಬೆಂಕಿಪೊಟ್ಟಣ ಹನ್ನೊಂದು
(ಹನ್ನೆರಡನೆಯದನ್ನು ಸದಾಶಿವಗಡದ ಬೋರ್ಕರ
ಸತ್ತರೂ ಕೊಡುವುದಿಲ್ಲವಂತೆ).
ಒಣಬಂಗಡೆ ಸುತ್ತಿಕೊಂಡು ಬಂದ ಗುರಿಯ ಕಾಗದ,
ನಟ್ಟನಡುವಿನ ಹಳದಿಯಲ್ಲಿ ಎಣ್ಣೆಯ ಕಲೆ.
ಕಾನ್ವೆಂಟಿನ ಅಂಕಪಟ್ಟಿ, ಐವತ್ತೆಂಟನೇ ಇಸವಿ, ಪೆನ್ಸಿಲಿನಲ್ಲಿ:
'ಎಸ್ತೆಲ್ಲಾ ಪಿಂಟೊ. ಬಾಣ ಆರು. ತಾಗಿದ್ದು ಐದು. ಒಂದು ಕಾಣೆ.'
ಆ ಒಂದಕ್ಕಾಗಿ ಎಷ್ಟೋ ರಾತ್ರಿ ನಿದ್ದೆಗೆಟ್ಟಿದ್ದೇನೆ.

ಮೂವತ್ತೊಂದನೆಯದು ಸಿಕ್ಕಿದ್ದು ಗುಜರಿಯ ಇಸ್ಮಾಯಿಲನಲ್ಲಿ,
ತೋಡೂರಿನ ಪುನರ್ವಸತಿ ಕಾಲೋನಿಯಿಂದ ಬಂದ
ಮುರುಕು ಕೊಡೆಗಳ ಜೊತೆ.
ಬಿದಿರು. ಮೂರು ಮೊಳ. ಹೆದೆ ಎರಡು.
ಬರೆದೆ: 'ಬೇಟೆಬಿಲ್ಲು. ಒಂದು ಹೆದೆ ಹೆಚ್ಚುವರಿ. ಬಾಣ ಕಳೆದಿದೆ.'
ಹೆದೆಗಳ ನಡುವೆ ನೂಲಿನದೊಂದು ಪುಟ್ಟ ಜೋಳಿಗೆ.
ಯಾರದೋ ತೇಪೆಯೆಂದು ಕತ್ತರಿಸಹೊರಟವನು
ಕತ್ತರಿ ಸಿಗದೆ ಬಿಟ್ಟೆ.

ಒಂದು ಬೆಳಿಗ್ಗೆ ಗೇಟಿನಲ್ಲಿ ಬಸಳೆಯ ಬುಟ್ಟಿ,
ಅದರಡಿ ಬುದವಂತಿ ಗೌಡ.
"ನಮ್ಮನಿಯವ್ರದೊಂದು ಬಿಲ್ಲು ನಿಮ್ಮಲ್ಲಿದ್ಯಂತೆ.
ನೋಡ್ಕಂಡು ಹೋಗ್ತೆ."
ನೋಡಿದಳು. ಚೀಟಿಯನ್ನು ನನ್ನಿಂದಲೇ ಓದಿಸಿದಳು.
ಆಮೇಲೆ ನಕ್ಕ ನಗುವಿಗೆ ಬಸಳೆಯೂ ಅಲುಗಿತು.
"ಒಡ್ಯಾ, ಇದ್ಕೆ ಬಾಣ ಎಲ್ಲಿತ್ತು ಕಳೂಕೆ?
ಇದು ಗಿಳಿ ಓಡ್ಸೂ ಬಿಲ್ಲು."

ದಾಸವಾಳದ ಬುಡದ ಮಣ್ಣು ಕೆದಕಿ,
ಅಂಗೈಯಲ್ಲಿ ಉರುಟು ಮಾಡಿ, ಪಾಗಾರದ ಬಿಸಿಲಿಗಿಟ್ಟು,
ಚಾ ಕುಡಿದಳು, ಅವಸರವಿಲ್ಲದೆ.
ಅರೆಬರೆ ಒಣಗಿದ ಉಂಡೆಯನ್ನು ಜೋಳಿಗೆಗಿಟ್ಟು ಎಳೆದಳು,
ಗಲ್ಲಕ್ಕಲ್ಲ, ಎದೆಗೆ.
ಬಿಡುವಾಗ ಮಣಿಕಟ್ಟು ಒಂದೆಳೆ ತಿರುಗಿತು;
ತಿರುಗದಿದ್ದರೆ ಹೆಬ್ಬೆರಳು ಹೋಯಿತೆಂದೇ ಲೆಕ್ಕ.
ಪಕ್ಕದ ರಾಣೆಯವರ ತಗಡು ಠಣ್ಣೆಂದಿತು.
ಕಾಗೆಗಳೆದ್ದವು. ರಾಣೆಯವರೂ ಎದ್ದರು.

"ಒಯ್ಯಿ" ಅಂದೆ. ಹೇಗೋ ಬಾಯಿಂದ ಬಂತು.
"ಒಯ್ದು ಎಂತ ಮಾಡ್ಲಿ?
ಅರಗಾದ ಗದ್ದೆ ನೇವಿಯವ್ರ ಗೋಡೆ ಒಳಗೋಯ್ತು.
ಗಿಳಿಗೆ ಪಾಸು ಬೇಡ. ನಂಗೆ ಬೇಕು."
ಬಸಳೆ ಎರಡು ಕಟ್ಟು ಕೊಟ್ಟು,
ಚಿಲ್ಲರೆ ಎರಡು ಸಲ ಎಣಿಸಿ ಕೊಟ್ಟು ಹೋದಳು.

ಸಂಜೆ ವಹಿ ತೆರೆದೆ.
'ಬೇಟೆ' ಹೊಡೆದು ಹಾಕಿದೆ. 'ಹೆಚ್ಚುವರಿ' ಹೊಡೆದು ಹಾಕಿದೆ.
ಎಳೆತದ ತೂಕದ ಮುಂದೆ ಪೆನ್ನು ನಿಂತಿತು.
ಗೋಡೆಯಲ್ಲಿ ತಕ್ಕಡಿಯಿತ್ತು. ಇಳಿಸಲಿಲ್ಲ.

ಆಗ ರಾಣೆಯವರ ಮೊಮ್ಮಗ,
ಮುಷ್ಟಿ ಮುಂದೆ ಚಾಚಿಕೊಂಡು:
"ಅಜ್ಜಾ, ನಿಮ್ಮ ಕಲ್ಲು."
ಅರ್ಧವೇ ಉಳಿದಿತ್ತು, ಒಂದು ಬದಿಗೆ ಅವಳ ಬೆರಳ ಗುರುತು.
'ಮೂವತ್ತೊಂದು-ಅ' ಎಂದು ಬರೆದು
ಚೀಟಿ ಅಂಟಿಸಹೋದೆ.
ಅಂಟಲಿಲ್ಲ.
ಮಣ್ಣು ಒಳಗಿನ್ನೂ ಹಸಿಯಿತ್ತು.